ಒಂದೇ ಗಿಟಾರಿನಲ್ಲಿ ಆಕ್ಟಿವ್ ಮತ್ತು ಪ್ಯಾಸಿವ್ ಪಿಕಪ್: ನಾನು ಮಾಡಿ ನೋಡಿದ ನಾಲ್ಕು ವೈರಿಂಗ್

ಗಿಟಾರಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಪಿಕಪ್. ನನ್ನ ಗಿಟಾರಿನಲ್ಲಿ ಬ್ರಿಜ್ ಬಳಿ ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಪಿಕಪ್ ಇಎಂಜಿ 81, ನೆಕ್ ಬಳಿ ಬ್ಯಾಟರಿ ಬೇಡದ, ಆಲ್ನಿಕೊ ಅಯಸ್ಕಾಂತದ ಪ್ಯಾಸಿವ್ ಹಂಬಕರ್ (ಎರಡು ಸುರುಳಿಗಳ ಪಿಕಪ್). ಈ ಜೋಡಿಯನ್ನು ನಾನು ಬಿಡಲಾರೆ. ಡಿಸ್ಟಾರ್ಷನ್ ಹಾಕಿ, ಅಂಗೈ ಒತ್ತಿ ಬಾರಿಸುವಾಗ 81ರ ಬಿಗಿ ಬೇಕು. ಡಿಸ್ಟಾರ್ಷನ್ ತೆಗೆದು ನಿಧಾನವಾಗಿ ಮೀಟುವಾಗ ಹಂಬಕರ್‌ನ ಮೆದುವಾದ ನಾದ ಬೇಕು. ಎರಡನ್ನೂ ಒಂದೇ ಜ್ಯಾಕ್‌ಗೆ ತರಲು ನಾಲ್ಕು ಬಗೆಯಲ್ಲಿ ಬೆಸುಗೆ ಹಾಕಿ, ಒಂದೊಂದನ್ನೂ ನುಡಿಸಿ ನೋಡಿದೆ.

ತೊಡಕು ಇರುವುದು ಇಲ್ಲಿ. 81ರ ಒಳಗೇ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರೀಆಂಪ್ ಇದೆ. ಅದರ ಔಟ್‌ಪುಟ್ ಇಂಪೀಡೆನ್ಸ್ (ಬದಲಾಗುವ ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 10 ಕಿಲೋ ಓಮ್. ನನ್ನ ಹಂಬಕರ್ ಮೀಟರಿನಲ್ಲಿ 8 ಕಿಲೋ ಓಮ್ ತೋರಿಸುತ್ತದೆ, ಆದರೆ ಅದು ಸಾವಿರಾರು ಸುತ್ತುಗಳ ಸುರುಳಿ. ಸ್ವರ ಮೇಲೇರಿದಂತೆ ಅದರ ಇಂಪೀಡೆನ್ಸ್ ಹಲವು ಪಟ್ಟು ಏರುತ್ತದೆ. ಅದಕ್ಕೇ ಆಕ್ಟಿವ್‌ಗೆ 25 ಕಿಲೋ ಓಮ್ ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ, ತಿರುಗಿಸಿ ಬದಲಿಸುವ ರೆಸಿಸ್ಟರ್), ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ಎಂಬ ರೂಢಿ.

ಮೊದಲು ಎಲ್ಲಕ್ಕೂ 25 ಕಿಲೋ ಓಮ್ ಪಾಟ್ ಹಾಕಿದೆ. 81ಕ್ಕೆ ಏನೂ ಆಗಲಿಲ್ಲ. ಹಂಬಕರ್ ಮಾತ್ರ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೇಳಿಸಿತು. ಎರಡೇ ದಿನಕ್ಕೆ ಬಿಚ್ಚಿದೆ.

ಎಲ್ಲಕ್ಕೂ 500 ಕಿಲೋ ಓಮ್ ಹಾಕಿದಾಗ ಹಂಬಕರ್‌ಗೆ ಜೀವ ಬಂತು. 81 ಕೂಡ ಪೂರ್ತಿ ತೆರೆದಾಗ ಚೆನ್ನಾಗಿಯೇ ಇತ್ತು. ಆದರೆ ಅದರ ಟೋನ್ ಗುಂಡಿ ಬಹುಪಾಲು ಸುಮ್ಮನೆ ತಿರುಗಿ, ಕೊನೆಯ ಚೂರಿನಲ್ಲಿ ಒಮ್ಮೆಲೇ ಕೆಲಸ ಮಾಡುತ್ತಿತ್ತು. ವಾಲ್ಯೂಮ್ ಇಳಿಸಿದರೆ ಸ್ವರದ ಮೊನೆಯೂ ಮಾಯ, ಏಕೆಂದರೆ ಅರ್ಧ ತಿರುಗಿಸಿದ 500 ಕಿಲೋ ಓಮ್ ಪಾಟ್ ಆಕ್ಟಿವ್ ಪಿಕಪ್ಪಿನ ಅನುಕೂಲವನ್ನೇ ಅಳಿಸಿ, ಉದ್ದದ ಕೇಬಲ್ ಮೇಲಿನ ಸ್ವರಗಳನ್ನು ನುಂಗಲು ಬಿಡುತ್ತದೆ. ಗುಂಡಿಗಳನ್ನು ಮುಟ್ಟದೆ ನುಡಿಸುವವರಿಗೆ ಇಷ್ಟೇ ಸಾಕಾಗಬಹುದು.

ಮೂರನೆಯದು ಹೆಚ್ಚಿನವರು ಮಾಡುವ ಕ್ರಮ: ಪ್ರತಿ ಪಿಕಪ್ಪಿಗೂ ತನ್ನದೇ ಪಾಟ್, ಆಮೇಲೆ ಸ್ವಿಚ್. ಒಂದೊಂದೇ ಪಿಕಪ್ ಬಳಸುವಾಗ ಎರಡೂ ತಮ್ಮ ಸಹಜ ದನಿಯಲ್ಲಿ ನುಡಿಯುತ್ತವೆ. ಸ್ವಿಚ್ಚನ್ನು ನಡುವೆ ನಿಲ್ಲಿಸಿದರೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಮಂದ್ರದಲ್ಲಿ ಎರಡರ ಇಂಪೀಡೆನ್ಸ್ ಹತ್ತಿರವಿರುವುದರಿಂದ ಎರಡೂ ಬೆರೆಯುತ್ತವೆ. ಮೇಲಿನ ಸ್ವರಗಳಲ್ಲಿ ಹಂಬಕರ್‌ನದು ಏನೂ ಉಳಿಯದೆ 81 ಒಂದೇ ಕೇಳಿಸುತ್ತದೆ. 81ರ ವಾಲ್ಯೂಮ್ ತಗ್ಗಿಸಿಯೂ ನೋಡಿದೆ. 25 ಕಿಲೋ ಓಮ್ ಪಾಟ್ ಅಲ್ಲೇ ಭಾರವಾಗಿ ಕುಳಿತಿರುವುದರಿಂದ ಹಂಬಕರ್ ಮೇಲೇಳಲೇ ಇಲ್ಲ.

ನಾಲ್ಕನೆಯದರಲ್ಲಿ ಹಂಬಕರ್‌ನ ಬೆನ್ನಿಗೇ ಒಂದು ಬಫರ್, ಎಂದರೆ ಮುಂದಿನ ಭಾರ ಪಿಕಪ್ಪಿಗೆ ತಟ್ಟದಂತೆ ತಡೆಯುವ ಸರ್ಕ್ಯೂಟ್, ಇಟ್ಟೆ. ಹೆಬ್ಬೆರಳ ಉಗುರಿನಷ್ಟು ಬೋರ್ಡಿನ ಮೇಲೆ ಜೆಫೆಟ್ ಎಂಬ ಒಂದು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಎರಡು ಕೆಪಾಸಿಟರ್. ವಿದ್ಯುತ್ತು ಅದೇ 9 ವೋಲ್ಟ್ ಬ್ಯಾಟರಿಯಿಂದ. ಆಮೇಲೆ ಎಲ್ಲಕ್ಕೂ 25 ಕಿಲೋ ಓಮ್ ಪಾಟ್. ಮೊದಲ ಸಲ ಹಂಬಕರ್ ಕಿವಿಗೆ ಚುಚ್ಚಿತು. ಬಫರ್‌ನ ಇನ್‌ಪುಟ್ 1 ಮೆಗಾ ಓಮ್. ವಾಲ್ಯೂಮ್, ಟೋನ್‌ನ ಎರಡು 500 ಕಿಲೋ ಓಮ್ ಪಾಟ್‌ಗಳು ಸೇರಿ ಕೊಡುತ್ತಿದ್ದ 250 ಕಿಲೋ ಓಮ್‌ನ ಭಾರ ಈಗ ಹಂಬಕರ್‌ಗೆ ಇರಲಿಲ್ಲ. ಇನ್‌ಪುಟ್‌ಗೆ ಅಡ್ಡಲಾಗಿ 330 ಕಿಲೋ ಓಮ್ ರೆಸಿಸ್ಟರ್ ಹಾಕಿದೊಡನೆ ಪರಿಚಿತ ದನಿ ಮರಳಿತು. ಬಫರ್‌ನ ಔಟ್‌ಪುಟ್ ಇಂಪೀಡೆನ್ಸ್ 81ರದಕ್ಕಿಂತ ತೀರಾ ಕಡಿಮೆಯಾಗಿ ಈಗ ಹಂಬಕರ್ ಮೇಲುಗೈ ಪಡೆಯುತ್ತಿತ್ತು. ಔಟ್‌ಪುಟ್‌ನ ಸಾಲಿನಲ್ಲಿ 10 ಕಿಲೋ ಓಮ್ ಸೇರಿಸಿ ಸರಿದೂಗಿಸಿದೆ.

ಇಷ್ಟಾದರೂ ನಡುವಿನ ದನಿ ಟೊಳ್ಳಾಗಿ, ಮೂಗಿನಿಂದ ಬಂದಂತಿತ್ತು. ಎರಡೂ ಪಿಕಪ್ ವಿರುದ್ಧ ಫೇಸ್‌ನಲ್ಲಿದ್ದವು: ಒಂದರ ಅಲೆ ಏರುವಾಗ ಇನ್ನೊಂದರದು ಇಳಿದು ಒಂದನ್ನೊಂದು ಅಳಿಸುತ್ತಿದ್ದವು. ಆಕ್ಟಿವ್ ಪಿಕಪ್ಪಿನ ವೈರ್‌ಗಳನ್ನು ಅದಲುಬದಲು ಮಾಡುವಂತಿಲ್ಲ. ಹಂಬಕರ್‌ನದು ನಾಲ್ಕು ವೈರ್‌ಗಳ ಬಗೆಯಾದ್ದರಿಂದ ಶೀಲ್ಡನ್ನು ಗ್ರೌಂಡಿಗೇ ಬಿಟ್ಟು ಸುರುಳಿಯ ಎರಡು ತುದಿಗಳನ್ನು ತಿರುಗಿಸಿದೆ. ಆ ಬೆಸುಗೆ ಆರುವ ಮುಂಚೆಯೇ ಒಂದು ಇ ಮೈನರ್ ಬಾರಿಸಿದೆ. ಕೆಳತಂತಿಗಳಲ್ಲಿ ಹಂಬಕರ್‌ನ ದುಂಡುತನ, ಅದರ ಮೇಲೆ 81ರ ಗರಿಗರಿ. ಆರೂ ತಂತಿಗಳು ಬೇರೆಬೇರೆಯಾಗಿ ಕೇಳಿಸಿದವು. ಇಷ್ಟು ದಿನ ಹುಡುಕುತ್ತಿದ್ದ ದನಿ ಅದೇ.

ಹಾಗಾಗಿ ನನ್ನ ಆಯ್ಕೆ ಬಫರ್. ಇದರ ಕೊರತೆ ಒಂದೇ: ಬ್ಯಾಟರಿ ಸತ್ತರೆ ಎರಡೂ ಪಿಕಪ್ ಸಾಯುತ್ತವೆ. ಮೂರನೆಯ ವೈರಿಂಗ್‌ನಲ್ಲಿ ಆಗಲೂ ಹಂಬಕರ್ ನುಡಿಯುತ್ತದೆ. ನಡುವಿನ ಸ್ಥಾನವನ್ನು ಬಳಸದೆ ವೇದಿಕೆಯಲ್ಲಿ ನುಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಯಾವುದನ್ನು ಆರಿಸಿದರೂ ಜ್ಯಾಕ್ ಸ್ಟೀರಿಯೊ ಆಗಿರಲಿ, ನುಡಿಸದಾಗ ಕೇಬಲ್ ಕಿತ್ತಿಡಿ. ಆಗ ಮಾತ್ರ ಬ್ಯಾಟರಿಯ ಸಂಪರ್ಕ ತಪ್ಪುತ್ತದೆ. ಬ್ರಿಜ್‌ನಿಂದ ಗ್ರೌಂಡಿಗೆ ಹೋಗುವ ವೈರನ್ನೂ ನೋಡಿ. ಎರಡೂ ಆಕ್ಟಿವ್ ಆಗಿದ್ದಾಗ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ನನ್ನ ಗಿಟಾರಿನಲ್ಲೂ ಹಾಗೇ ಇತ್ತು. ಹಂಬಕರ್ ಗುಂಯ್‌ಗುಡುವುದು ನಿಂತದ್ದು ಅದನ್ನು ಮತ್ತೆ ಬೆಸೆದ ಮೇಲೆಯೇ.