ಕೆರೆ ಸ್ವಚ್ಛತೆ, ಮಕ್ಕಳಿಗೆ ಪಾಠ, ರಕ್ತದಾನ: ಯಾವುದಕ್ಕೆ ಕೈ ಹಾಕೋದು?

ದಾವಣಗೆರೆಯಲ್ಲಿ ಸ್ವಯಂಸೇವೆ ಶುರು ಮಾಡಬೇಕು, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ನಿಮ್ಮ ಹತ್ತಿರ ಎಷ್ಟು ಹೊತ್ತಿದೆ ನೋಡಿಕೊಳ್ಳಿ.

ಹೊತ್ತೇ ಸಿಗಲ್ಲ ಅನ್ನೋರಿಗೆ ರಕ್ತದಾನ ಸರಿ. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಇರಬೇಕು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಖರ್ಚಿಲ್ಲ. ಆದರೆ ಆ ರಕ್ತ ಯಾರಿಗೆ ಹೋಯಿತು ಅನ್ನೋದು ನಿಮಗೆ ಗೊತ್ತಾಗುವುದಿಲ್ಲ, ಆ ತೃಪ್ತಿಯನ್ನು ನೀವೇ ಮನಸ್ಸಲ್ಲಿ ಇಟ್ಟುಕೊಳ್ಳಬೇಕು.

ಕಣ್ಣೆದುರು ಫಲ ಬೇಕಾದರೆ ಕುಂದವಾಡ ಕೆರೆಯಂಥ ಕಡೆ ಕಸ ಎತ್ತುವುದು. ಒಂದು ಜೊತೆ ಗ್ಲೌಸ್, ಟೋಪಿ, ನೀರಿನ ಬಾಟಲಿ ಸಾಕು. ಊರಿಗೆ ಹೊಸಬರಾಗಿದ್ದರೆ ಇದೇ ಬೆಸ್ಟ್, ಪಕ್ಕದಲ್ಲಿ ಚೀಲ ಹಿಡಿದವರು ಬೇಗ ಗೆಳೆಯರಾಗುತ್ತಾರೆ. ಬೇಸಿಗೆಯಲ್ಲಿ ಮಾತ್ರ ಬೆಳಿಗ್ಗೆ ಬೇಗ ಹೋಗಿ, ನಮ್ಮೂರ ಬಿಸಿಲು ಗೊತ್ತಲ್ವಾ. ಮುಂದಿನ ವಾರ ಮತ್ತೆ ಪ್ಲಾಸ್ಟಿಕ್ ಬಿದ್ದಿರುತ್ತದೆ, ಅದಕ್ಕೆ ಬೇಜಾರಾಗಬಾರದು.

ಮಕ್ಕಳಿಗೆ ಸಂಜೆ ಪಾಠ ಹೇಳುವುದು ಮೂರರಲ್ಲಿ ಕಷ್ಟದ್ದು. ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ವಾರಗಟ್ಟಲೆ ತಡವರಿಸಿದ ಹುಡುಗಿ ಒಂದು ಸಂಜೆ ಸ್ಲೇಟು ತಿರುಗಿಸಿ, ಉತ್ತರ ತೋರಿಸಿ, ಇನ್ನೊಂದು ಕೊಡಿ ಅಂತ ಕೇಳುತ್ತಾಳಲ್ಲ, ಅದಕ್ಕೆ ಸಮನಾದದ್ದು ಬೇರೆ ಕಡೆ ನನಗೆ ಸಿಕ್ಕಿಲ್ಲ. ಕಾಲೇಜು ಹುಡುಗರಿಗೆ ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯವೂ ಬರುತ್ತದೆ. ಆದರೆ ಹೇಳಿದ ದಿನ ಹೋಗಲೇಬೇಕು, ಮಕ್ಕಳು ಕಾಯುತ್ತಿರುತ್ತಾರೆ. ಶಿಫ್ಟ್ ಕೆಲಸ, ಪದೇ ಪದೇ ಊರು ಬಿಡುವ ಕೆಲಸ ಇದ್ದರೆ ಇದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಕೆರೆ ಕಡೆ ಬನ್ನಿ.