ಮಲ್ಲಿಗೆ ಮಾರಲು ಬಳಸುವ ಆ್ಯಪ್: 5ಕ್ಕೆ 2 ಸ್ಟಾರ್

ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ನಮ್ಮದು ಮಲ್ಲಿಗೆ ವ್ಯಾಪಾರ. ಈ ಆ್ಯಪ್‌ನಲ್ಲಿ ಪುಟ ಮಾಡಿ ಮೂರು ವರ್ಷ ಆಯ್ತು. ಬೆಳಿಗ್ಗೆ ಫೋಟೊ ಹಾಕಿದರೆ ಮಧ್ಯಾಹ್ನದೊಳಗೆ ಮಂಗಳೂರಿನ ಮದುವೆಮನೆಯಿಂದ ಎರಡು ಅಟ್ಟೆಗೆ (ನಾಲ್ಕು ಚೆಂಡು ಹೂ ಸೇರಿದರೆ ಒಂದು ಅಟ್ಟೆ) ಆರ್ಡರ್ ಬರುತ್ತದೆ. ಎರಡೂ ಸ್ಟಾರ್ ಅದಕ್ಕೇ.

ಕಳೆದ ಸೀಸನ್‌ನಲ್ಲಿ ಯಾರೋ ನಮ್ಮ ಪುಟವನ್ನೇ ನಕಲು ಮಾಡಿದರು. ಬಾಳೆನಾರಿನಲ್ಲಿ ಕಟ್ಟಿದ ಅದೇ ಚೆಂಡು, ಪಕ್ಕದಲ್ಲಿ ನಮ್ಮ ಅತ್ತೆಯ ಹಸಿರು ಬಳೆಯ ಕೈ. ಯುಪಿಐ ನಂಬರ್ ಮಾತ್ರ ಬೇರೆ! ದೂರು ಕೊಟ್ಟೆ. 'ನಮ್ಮ ನಿಯಮ ಮೀರಿಲ್ಲ' ಅಂತ ಹತ್ತೇ ನಿಮಿಷದಲ್ಲಿ ಉತ್ತರ. ಮನುಷ್ಯರು ನೋಡಿರಲಿಕ್ಕಿಲ್ಲ. ಅತ್ತ ಕಳ್ಳನ ಪುಟಕ್ಕೆ ದುಡ್ಡು ಕೊಟ್ಟ ಜಾಹೀರಾತು ಬೇರೆ ಓಡುತ್ತಿತ್ತು. ಅಂದ್ರೆ ಆ ಮೋಸದಲ್ಲಿ ಆ್ಯಪ್‌ಗೂ ಪಾಲು ಸಿಕ್ಕಿತು, ಅಲ್ವಾ? ನನ್ನ ಹತ್ತಿರ ಮಾತ್ರ ಗುರುತಿನ ಚೀಟಿ ಎರಡು ಸಲ ಕೇಳಿದರು.

ಮಣಿಪಾಲದಲ್ಲಿ ಓದುವ ತಂಗಿಯ ಮಗ ದಾರಿ ಹೇಳಿದ. 2021ರ ಐಟಿ ನಿಯಮದ ಪ್ರಕಾರ ಕಂಪನಿ ದೂರು ಅಧಿಕಾರಿಯನ್ನು ಇಡಲೇಬೇಕು, 24 ಗಂಟೆಯೊಳಗೆ 'ದೂರು ಸಿಕ್ಕಿತು' ಎನ್ನಬೇಕು. ಅವರ ಉತ್ತರ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಈ ಸಮಿತಿ 2023ರಿಂದ ಇದೆ, ಎಲ್ಲ ಆನ್‌ಲೈನ್. ಆ್ಯಪ್‌ನಲ್ಲಿ ಈ ಅಧಿಕಾರಿಯ ವಿಳಾಸ ಹುಡುಕಲು ನನಗೆ ಅರ್ಧ ದಿನ ಬೇಕಾಯ್ತು. ಜಾಹೀರಾತು ಕೊಡುವ ಬಟನ್ ಮಾತ್ರ ಮುಖಕ್ಕೇ ಹೊಡೆಯುವ ಹಾಗೆ ಇದೆ.

ಮೇಲ್ಮನವಿಗೆ ಕಾಗದ ಜೋಡಿಸುವಷ್ಟರಲ್ಲಿ, ಹನ್ನೊಂದನೇ ದಿನ, ನಕಲಿ ಪುಟ ಮಾಯವಾಯ್ತು. ಕಾರಣ ಹೇಳಲಿಲ್ಲ. ಕುಂದಾಪುರದ ಒಬ್ಬ ಅಕ್ಕ ಅಲ್ಲಿ ಮುಂಗಡ ಕಟ್ಟಿದ್ದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂದೆ, ಎರಡು ಚೆಂಡು ಸುಮ್ನೆ ಕೊಟ್ಟೆ.