ಬ್ಲಾಕ್ ಗಟ್ಟಿಯಾಯಿತು, ಆಯಿಲ್ ಕಾಯತೊಡಗಿತು: ಎಪಾಕ್ಸಿ ತುಂಬಿಸಿದ ಎಸ್ಟೀಮ್ ಜೊತೆ ಎರಡು ಬೇಸಿಗೆ

ಮೊದಲು ಒಳ್ಳೆಯ ಸುದ್ದಿ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವೆ ಸೋರದಂತೆ ಕೂರಿಸುವ ಹಾಳೆ, ಇನ್ನೂ ಹೋಗಿಲ್ಲ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್) ಹಾಕಿಸಿದ ಹೊಸದರಲ್ಲಿ ನನ್ನ ಮಾರುತಿ ಎಸ್ಟೀಮ್ ಕಾರು ಎಷ್ಟು ಗ್ಯಾಸ್ಕೆಟ್ ತಿಂದಿತ್ತು ಅಂದರೆ, ಸ್ಪೇರ್ಸ್ ಅಂಗಡಿಯವರು ನನ್ನ ಮುಖ ಕಂಡ ಕೂಡಲೇ ರ‍್ಯಾಕ್ ಕಡೆ ಕೈ ಹಾಕುತ್ತಿದ್ದರು. ಬ್ಲಾಕ್‌ಗೆ, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ ಒಡಲಿಗೆ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿಸಿ ಎರಡು ಬೇಸಿಗೆ ಕಳೆದವು. ಆ ಕೆಲಸಕ್ಕೆ ಅವರ ಅಂಗಡಿ ಮೆಟ್ಟಿಲು ಹತ್ತಿಲ್ಲ. ಇಷ್ಟೇ ಆಗಿದ್ದರೆ ಐದಕ್ಕೆ ಐದು ಕೊಟ್ಟು ಸುಮ್ಮನಿರುತ್ತಿದ್ದೆ. ಆಯಿಲ್ ಬಿಸಿಯ ಕಾಟ ಇದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಗಾಡಿ ರಸ್ತೆಗೆ ಇಳಿಯುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಹುಬ್ಬಳ್ಳಿಯ ಕುಸುಗಲ್ ರಸ್ತೆ ಕಡೆ ನಮ್ಮ ಕಾಕಾ ಒಂದು ಲೇಔಟ್ ಮಾಡಿದ್ದಾರೆ. ಡಾಂಬರು ಬಿತ್ತು, ಕಲ್ಲು ನೆಟ್ಟಾಯಿತು, ಪ್ಲಾಟ್ ಮಾತ್ರ ಹೋಗುತ್ತಿಲ್ಲ. ಅಲ್ಲಿ ಗೇಟ್ ಹಾಕಿಕೊಂಡು ಓಡಿಸುತ್ತೇನೆ. ಎಲ್ಲಾದರೂ ಆಟೋಕ್ರಾಸ್ (ಮಣ್ಣಿನ ಮೈದಾನದ ಕಾರ್ ಓಟ) ಇದ್ದರೆ ಟೋ ಮಾಡಿಸಿ ಒಯ್ಯುತ್ತೇನೆ.

ಸಂಗತಿ ಸರಳ. ಸಿಲಿಂಡರ್ ಸುತ್ತ ನೀರು ಓಡಾಡಲು ಟೊಳ್ಳು ಜಾಗ ಇರುತ್ತದೆ, ವಾಟರ್ ಜಾಕೆಟ್. ಟರ್ಬೊ ಒತ್ತಡ (ಬೂಸ್ಟ್) ಏರಿದಂತೆ ಸಿಲಿಂಡರ್ ಗೋಡೆ ಕೂದಲೆಳೆಗಿಂತ ಕಡಿಮೆ ಅಲುಗಿದರೂ ಸಾಕು, ಪಿಸ್ಟನ್ ರಿಂಗ್ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ಕೆಟ್ ಸೋಲುತ್ತದೆ. ಜಾಕೆಟ್‌ನ ಕೆಳಭಾಗಕ್ಕೆ ಗಟ್ಟಿಯಾಗುವ ವಸ್ತು ತುಂಬಿದರೆ ಗೋಡೆಗೆ ಆಸರೆ. ಮೇಲ್ಭಾಗ ನೀರಿಗೇ ಬಿಡಬೇಕು, ಬೆಂಕಿ ಇರುವುದು ಅಲ್ಲೇ. ಡ್ರ್ಯಾಗ್ ರೇಸ್‌ನವರಲ್ಲಿ ಕೆಲವರು ಮೇಲಿನ ತನಕ ತುಂಬಿಸಿಬಿಡುತ್ತಾರೆ. ಅವರ ಓಟ ಕಾಲು ಮೈಲಿ, ನೀರಿನ ಚಿಂತೆ ಯಾಕೆ?

ಅಮೆರಿಕದ ರೇಸ್‌ನವರು ಹೆಚ್ಚಾಗಿ ಸಿಮೆಂಟ್ ಥರದ ಫಿಲ್ಲರ್ ಬಳಸುತ್ತಾರೆ. ಎರಕದ ಕಬ್ಬಿಣದ ಬ್ಲಾಕ್‌ಗೆ ಅದು ಸರಿ. ನನ್ನದು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಸಿಮೆಂಟ್ ಅಷ್ಟು ಹಿಗ್ಗುವುದಿಲ್ಲ. ಬಿಸಿಯಾದಾಗ ಗೋಡೆಗೂ ಸಿಮೆಂಟ್‌ಗೂ ನಡುವೆ ಸಂದು ಬಿದ್ದರೆ ಆಸರೆ ಎಲ್ಲಿ ಉಳಿಯಿತು? ಅದಕ್ಕೇ ಅಲ್ಯುಮಿನಿಯಂ ಪುಡಿ ಬೆರೆತ ಎಪಾಕ್ಸಿ, ಅದೂ ಹೆಚ್ಚು ಬಿಸಿ ತಡೆಯುವಂಥದ್ದು. ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅಂಟು ತಂದು ಸುರಿಯಬೇಡಿ. ಸಾಧಾರಣ ಎಪಾಕ್ಸಿ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಲು ಶುರುವಾಗುತ್ತದೆ. ಎಂಜಿನ್ ನೀರು 90 ಡಿಗ್ರಿ ಹತ್ತಿರ ಇರುತ್ತದೆ. ಸರಿಯಾದ ಮಾಲಿನ ಬಿಲ್ ನನಗೆ ಬೋರಿಂಗ್, ಹೋನಿಂಗ್ (ಸಿಲಿಂಡರ್ ಒಳಗೋಡೆ ಕೊರೆದು, ಉಜ್ಜಿ ಅಳತೆಗೆ ತರುವ ಕೆಲಸ) ಎರಡೂ ಸೇರಿದ್ದಕ್ಕಿಂತ ದೊಡ್ಡದಾಯಿತು. ಆದರೂ ನಾಲ್ಕೂ ಸಿಲಿಂಡರ್‌ಗೆ ದಪ್ಪ ಸ್ಲೀವ್ (ಒಳಗೆ ಕೂರಿಸುವ ಲೋಹದ ಕೊಳವೆ) ಹಾಕಿಸುವುದಕ್ಕಿಂತ ಕಡಿಮೆ.

ಗೋಕುಲ ರಸ್ತೆ ಕಡೆಯ ಬೋರಿಂಗ್ ಮಿಸ್ತ್ರಿ ನನ್ನ ಮಾತು ಕೇಳಿ ಮೈಕ್ರೋಮೀಟರ್ ಕೆಳಗಿಟ್ಟರು. "ಸರ, ನೀರ ಹೋಗೋ ಹಾದ್ಯಾಗ ಅಂಟ ಸುರುವ್ರಿ ಅಂತೀರಲ್ಲ, ಮನ್ಯಾಗ ಕೇಳೀರೇನ್ರಿ?" ಅಂದರು. ಆಮೇಲೆ ಕೆಲಸ ಮಾಡಿದ್ದು ಮಾತ್ರ ಅಚ್ಚುಕಟ್ಟು. ಜಾಕೆಟ್ ಒಳಗಿನ ಪಾಚಿ, ಉಪ್ಪು ಎಲ್ಲ ತೆಗೆದು ಬ್ಲಾಕ್ ಒಣಗಿಸಿದರು. ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ, ಎಲ್ಲಿಯ ತನಕ ತುಂಬಬೇಕೋ ಅಲ್ಲಿಯ ತನಕ ಮೊದಲು ಬರೀ ನೀರು ಹಾಕಿದರು. ಆ ನೀರನ್ನು ಹೊರಗೆ ಚೆಲ್ಲಿ ಅಳೆದುಕೊಂಡರು. ಅಷ್ಟೇ ಎಪಾಕ್ಸಿ. ಮತ್ತೆ ಒಣಗಿಸಿ, ಕೆಳಗೆ ಕ್ರ್ಯಾಂಕ್ ಹಿಡಿಯುವ ಮೇನ್ ಕ್ಯಾಪ್ ಬಿಗಿದು, ಹೆಡ್ ಜಾಗದಲ್ಲಿ ಗುಜರಿಯ ದಪ್ಪ ಪ್ಲೇಟಿನಿಂದ ಮಾಡಿದ ಟಾರ್ಕ್ ಪ್ಲೇಟ್ ಕೂರಿಸಿದರು. ಹೆಡ್ ಬಿಗಿದಾಗ ಬೋರ್ ಹೇಗೆ ಎಳೆದುಕೊಳ್ಳುತ್ತದೋ, ಎಪಾಕ್ಸಿ ಅದೇ ಆಕಾರದಲ್ಲಿ ಗಟ್ಟಿಯಾಗಲಿ ಎಂದು. ಒಂದೇ ಸಲ ಸುರಿಯಲಿಲ್ಲ. ದಪ್ಪಗೆ ಸುರಿದರೆ ಎಪಾಕ್ಸಿ ತನ್ನಷ್ಟಕ್ಕೆ ತಾನೇ ಕಾದು ಬಿರುಕು ಬಿಡುತ್ತದೆ. ಸ್ವಲ್ಪ ಸುರಿದು, ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಗುಳ್ಳೆ ಮೇಲೆ ಬರುವುದನ್ನು ಟಾರ್ಚ್ ಹಿಡಿದು ನೋಡುತ್ತಾ ಕೂತೆವು. ಕೊನೆಗೆ ಹದ ಮಾಡಿದ್ದು ಅಲ್ಮಾರಿ, ಗ್ರಿಲ್‌ಗೆ ಪೌಡರ್ ಕೋಟಿಂಗ್ ಮಾಡುವವರ ಭಟ್ಟಿಯಲ್ಲಿ, ಅವರ ಮಾಮೂಲಿಗಿಂತ ಬಿಸಿ ಕಡಿಮೆ ಇಟ್ಟು. ಹೋನಿಂಗ್ ಅದಾದ ಮೇಲೆ. ಮುಂಚೆ ಮಾಡಿದರೆ ಬೋರ್ ಅಳತೆ ಮತ್ತೆ ಕೆಡುತ್ತದೆ.

ನಾನು ಎಣಿಸಿರದ ಖುಷಿ ಸಿಕ್ಕಿದ್ದು ಸದ್ದಿನಲ್ಲಿ. ಮೊದಲು ಐಡಲಿಂಗ್‌ನಲ್ಲಿ ಈ ಎಂಜಿನ್ ತಗಡಿನ ಡಬ್ಬಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ಈಗ ಸದ್ದು ಕೆಳಗಿಳಿದಿದೆ, ತೂಕ ಬಂದಿದೆ. ಬಾನೆಟ್ ಎತ್ತಿ ಸುಮ್ನೆ ಕೇಳುತ್ತಾ ನಿಲ್ಲುತ್ತೇನೆ. ಕಾಕಾ ಕೂಡ "ಏನೋ, ಎಂಜಿನ್ ಬ್ಯಾರೆ ಹಾಕಿಸೀ?" ಅಂತ ಕೇಳಿದರು. ಬೂಸ್ಟ್ ಅರ್ಧ ಬಾರ್ ದಾಟಿದಾಗಲೂ ಎಳೆತ ಒಂದೇ ಸಮ. ರಿಂಗ್ ದಾಟಿ ಸೋರಿದ ಹೊಗೆ ಬ್ರೀದರ್ ಪೈಪಿನಿಂದ ಬರುವುದು ಗಮನಕ್ಕೆ ಬರುವಷ್ಟು ಕಡಿಮೆಯಾಗಿದೆ.

ಇನ್ನು ಕಾಟದ ವಿಷಯ. ಸಿಲಿಂಡರ್ ಕೆಳಭಾಗ ಮೊದಲು ತನ್ನ ಬಿಸಿಯನ್ನು ನೀರಿಗೆ ಕೊಡುತ್ತಿತ್ತು. ಈಗ ಅಲ್ಲಿ ನೀರಿಲ್ಲ, ಎಪಾಕ್ಸಿ ಇದೆ. ಲೋಹದ ಪುಡಿ ಎಷ್ಟೇ ಬೆರೆಸಿದ್ದರೂ ಬಿಸಿ ದಾಟಿಸುವುದರಲ್ಲಿ ಅದು ಅಲ್ಯುಮಿನಿಯಂ ಹತ್ತಿರಕ್ಕೂ ಬರುವುದಿಲ್ಲ. ಆ ಬಿಸಿ ಎಲ್ಲಿಗೆ ಹೋಗಬೇಕು? ಆಯಿಲ್‌ಗೆ. ಟರ್ಬೊ ಬೇರಿಂಗ್ ತಣ್ಣಗಿಡುವ ಕೆಲಸವೂ ಅದೇ ಆಯಿಲ್‌ನದು. ಎರಡೂ ಹೊರೆ ಒಂದೇ ಹೆಗಲ ಮೇಲೆ.

ಡಿಸೆಂಬರ್‌ನಲ್ಲಿ ಇದು ಗೊತ್ತೇ ಆಗಲಿಲ್ಲ. ಏಪ್ರಿಲ್ ಬಂತು. ನೀರಿನ ಮುಳ್ಳು ನಡುವಿನಲ್ಲೇ ಆರಾಮಾಗಿ ಕೂತಿರುತ್ತದೆ, ಆಯಿಲ್ ಬಿಸಿಯ ಮೀಟರ್ 130 ಡಿಗ್ರಿ ಮುಟ್ಟಿರುತ್ತದೆ. ನೀರಿನ ಮೀಟರ್ ಒಂದನ್ನೇ ನಂಬುವವರಿಗೆ ಏನೂ ತಿಳಿಯುವುದಿಲ್ಲ, ಅದೇ ಭಯ. ಲೇಔಟಿನಲ್ಲಿ ನಾಲ್ಕು ಸುತ್ತು ಜೋರಾಗಿ ಹೊಡೆದರೆ ಒಂದು ಸುತ್ತು ಮೆಲ್ಲಗೆ, ಬೂಸ್ಟ್ ಇಲ್ಲದೆ. ಆಟೋಕ್ರಾಸ್‌ನಲ್ಲಿ ಓಡುವಾಗಿನ ಕಷ್ಟಕ್ಕಿಂತ ಬಿಸಿಲಲ್ಲಿ ಸಾಲು ನಿಂತಾಗಿನ ಕಷ್ಟವೇ ಜಾಸ್ತಿ. ಸ್ಟಾರ್ಟ್ ಆಗಿಯೇ ನಿಂತರೆ ಮುಳ್ಳು ಏರುತ್ತದೆ, ಬಂದ್ ಮಾಡೋಣ ಅಂದರೆ ಕಾದ ಟರ್ಬೊದಲ್ಲಿ ಆಯಿಲ್ ನಿಂತು ಸುಟ್ಟು ಕರಿ ಕಟ್ಟುತ್ತದೆ.

ಹಾಗಾಗಿ ಒಂದು ದಿನಚರಿ ಬೆಳೆದಿದೆ. ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ 80 ಡಿಗ್ರಿ ಆಗುವ ತನಕ ಆಕ್ಸಿಲರೇಟರ್ ಜೋರಾಗಿ ಒತ್ತುವುದಿಲ್ಲ. ಫ್ಲಾಸ್ಕಿನ ಚಹಾ ಒಂದು ಕಪ್ ಆಗುವಷ್ಟು ಹೊತ್ತು. ಓಡಿಸಿ ಮುಗಿದ ಮೇಲೆ ಬಾನೆಟ್ ಎತ್ತಿ, ಐಡಲಿಂಗ್‌ನಲ್ಲಿ ಬಿಟ್ಟು, ಎರಡನೇ ಕಪ್. ಆಮೇಲೆ ಡಿಪ್ ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ ಮೂಸುತ್ತೇನೆ. ಸುಟ್ಟ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡುವುದೇ ಇಲ್ಲ, ಆಯಿಲ್ ಇಳಿಸಿಬಿಡುತ್ತೇನೆ. ಪೂರ್ತಿ ಸಿಂಥೆಟಿಕ್ ಆಯಿಲ್ ಇಷ್ಟು ಬೇಗ ಬೇಗ ಬದಲಿಸುವ ಖರ್ಚನ್ನು ಯಾರೂ ಮೊದಲು ಹೇಳುವುದಿಲ್ಲ. ಸ್ಲೀವ್ ಹಾಕಿಸದೆ ಉಳಿಸಿದ ದುಡ್ಡು ಹೀಗೆ ಡಬ್ಬಿ ಡಬ್ಬಿಯಾಗಿ ಹೋಗುತ್ತಿದೆ.

ಇನ್ನೊಂದು ಕಿರಿಕಿರಿ. ಬ್ಲಾಕ್‌ನಿಂದ ನೀರು ಇಳಿಸುವ ಬೋಲ್ಟ್ ಈಗ ಎಪಾಕ್ಸಿ ಹಿಂದೆ ಹೂತಿದೆ. ಕೂಲಂಟ್ ಬದಲಿಸಬೇಕಾದರೆ ರೇಡಿಯೇಟರ್ ಕೆಳಗಿನ ಪೈಪ್ ಬಿಚ್ಚುವುದೊಂದೇ ದಾರಿ. ಒಳಗೆ ಹಿಡಿಯುವ ಕೂಲಂಟ್ ಕೂಡ ಕಡಿಮೆ, ಆದ್ದರಿಂದ ಬೇಗ ಕಾಯುತ್ತದೆ. ತುಂಬಿದ್ದನ್ನು ವಾಪಸ್ ತೆಗೆಯುವ ಮಾತೂ ಇಲ್ಲ.

ಗದಗಿನ ಗೆಳೆಯನೊಬ್ಬ ತನ್ನ ಸ್ವಿಫ್ಟ್‌ಗೂ ತುಂಬಿಸುತ್ತೇನೆ ಅಂತಾನೆ. ಟರ್ಬೊ ಇಲ್ಲ, ದಿನಾ ಹುಬ್ಬಳ್ಳಿಗೆ ಓಡಾಡುವ ಗಾಡಿ, ಮೇ ತಿಂಗಳಲ್ಲಿ ಅಣ್ಣಿಗೇರಿ ದಾಟುವಾಗ ಎಸಿ ಬೇರೆ. ಬೇಡ ಮಾರಾಯಾ ಅಂದೆ. ಎಪಾಕ್ಸಿ ಗೋಡೆಗೆ ಆಸರೆ ಕೊಡುತ್ತದೆ, ಕನೆಕ್ಟಿಂಗ್ ರಾಡ್‌ಗಲ್ಲ, ಪಿಸ್ಟನ್‌ಗಲ್ಲ. ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಆದರೆ ಬ್ಲಾಕ್ ಎಷ್ಟು ಗಟ್ಟಿ ಇದ್ದರೂ ಪಿಸ್ಟನ್ ಹೋಗುತ್ತದೆ. ನನ್ನ ಅಂಕ: ಗಟ್ಟಿತನಕ್ಕೆ ಐದಕ್ಕೆ ನಾಲ್ಕೂವರೆ, ಬಿಸಿಗೆ ಒಂದೂವರೆ.

ಈಗ ಆಯಿಲ್ ಕೂಲರ್ ತಂದಿಟ್ಟಿದ್ದೇನೆ, ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಜಗಳ ನಡೆದಿದೆ. ಮುಂದೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಇದೆ, ಉಳಿದದ್ದು ಬಂಪರ್‌ನ ಎಡಮೂಲೆ. ಆಟೋಕ್ರಾಸ್‌ನಲ್ಲಿ ಕಲ್ಲು ಮೊದಲು ಬಡಿಯುವುದು ಅಲ್ಲಿಗೇ, ಗಾಡಿಯ ಹಿಂದಿನ ಡಿಕ್ಕಿಯಲ್ಲಿ ಫ್ಯಾನ್ ಹಾಕಿ ಕೂರಿಸೋಣ ಅನ್ನುತ್ತಾರೆ ಮಿಸ್ತ್ರಿ. ಅಷ್ಟುದ್ದ ಆಯಿಲ್ ಪೈಪ್ ಸೀಟಿನ ಪಕ್ಕ ಹಾದುಹೋಗುವುದು ನನಗೆ ಬೇಡ. ಬಂಪರ್ ಒಳಗೆ ಜಾಲರಿ ಹಾಕಿ ನೋಡೋಣ ಅಂತ ಸದ್ಯಕ್ಕೆ ಒಪ್ಪಿಸಿದ್ದೇನೆ.